ಆಡದ ಪಂದ್ಯದ ಬಿಲ್ಲು

ಇಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಅಮೆರಿಕದವರು ಚೆಂಡನ್ನು ಕೈಲಿ ಹಿಡಿದು ಓಡುವ ಆಟ. 2013ರ ಅಕ್ಟೋಬರ್ 19ರಂದು ಲೂಸಿಯಾನದ ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದವರು ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ವಿರುದ್ಧ ಆಡಬೇಕಿತ್ತು. ಹುಡುಗರು ಬಸ್ಸು ಹತ್ತಲೇ ಇಲ್ಲ! ಬೂಷ್ಟು ಹಿಡಿದ ಕೋಣೆಗಳು, ದೂರದೂರಿನ ಪಂದ್ಯಕ್ಕೂ ಬಸ್ಸಿನಲ್ಲೇ ಪಯಣ, ಸೆಪ್ಟೆಂಬರಿನಲ್ಲಿ ಕೋಚ್ ಡಗ್ ವಿಲಿಯಮ್ಸ್‌ರನ್ನು ತೆಗೆದುಹಾಕಿದ್ದು — ಇವು ಅವರ ದೂರು. ಬೇರಿನಲ್ಲಿದ್ದದ್ದು ಸರಕಾರದ ಅನುದಾನಕ್ಕೆ ಬಿದ್ದ ಕತ್ತರಿ.

ಎದುರಾಳಿ ಬಾರದಿದ್ದರೆ ವಾಕೋವರ್, ದಾಖಲೆಯಲ್ಲಿ 1–0. ದುಡ್ಡಿನ ಲೆಕ್ಕ ಮಾತ್ರ ಅಷ್ಟು ಸುಲಭಕ್ಕೆ ಮುಗಿಯೋದಿಲ್ಲ. ಅಂದು ಜ್ಯಾಕ್ಸನ್‌ನಲ್ಲಿ ಹೋಮ್‌ಕಮಿಂಗ್, ಅಂದರೆ ಹಳೆ ವಿದ್ಯಾರ್ಥಿಗಳೆಲ್ಲ ಬಂದು ಸೇರುವ ವಾರ್ಷಿಕ ಜಾತ್ರೆ. ಇಂಥ ದಿನ ಟಿಕೆಟ್ಟು, ತಿಂಡಿ ಅಂಗಡಿ, ಜಾಹೀರಾತು, ಊರಿನ ಹೋಟೆಲು ಎಲ್ಲಕ್ಕೂ ಆಟವೇ ಆಧಾರ. ಪಂದ್ಯಕೂಟದ ಆಡಳಿತ ಗ್ರ್ಯಾಂಬ್ಲಿಂಗ್‌ಗೆ 20,000 ಡಾಲರ್ ದಂಡ ಹಾಕಿತು. ಜ್ಯಾಕ್ಸನ್ ಸ್ಟೇಟ್ ಕೋರ್ಟಿಗೆ ಹೋಗುವುದಾಗಿ ಸಾರಿತು.

ಇಲ್ಲೇ ತಮಾಷೆ ನೋಡಿ. ಪಂದ್ಯದ ಕರಾರು ಸಂಸ್ಥೆ ಸಂಸ್ಥೆಗಳ ನಡುವಿನದು, ಹುಡುಗರದ್ದಲ್ಲ. ಆದ್ದರಿಂದ ನಷ್ಟ ತುಂಬಿಕೊಡಿ ಅಂತ ಕೇಳುವುದು ವಿಶ್ವವಿದ್ಯಾಲಯವನ್ನೇ. ಬೂಷ್ಟು ಒರೆಸಲು ಕಾಸಿಲ್ಲದವರ ಗಲ್ಲಾಪೆಟ್ಟಿಗೆಯಿಂದಲೇ ದಂಡವೂ ಹೋಗಬೇಕು! ಹುಡುಗರು ಮರುವಾರವೇ ಮೈದಾನಕ್ಕಿಳಿದರು.