ಬೆಳಕು ನುಂಗಿ ಸಿಡಿಯುವ ಗೊಂಚಲು

ಝೆನಾನ್ ಅನಿಲವನ್ನು ಹೆಚ್ಚಿನ ಒತ್ತಡದಲ್ಲಿಟ್ಟು, ಸಣ್ಣ ರಂಧ್ರದಿಂದ ನಿರ್ವಾತದೊಳಕ್ಕೆ ಚಿಮ್ಮಿಸಬೇಕು. ಹಿಗ್ಗುವ ರಭಸಕ್ಕೆ ಅನಿಲ ಥಟ್ಟನೆ ತಣಿಯುತ್ತದೆ. ಸಾಮಾನ್ಯವಾಗಿ ಯಾರೊಂದಿಗೂ ಬೆರೆಯದ ಅದರ ಪರಮಾಣುಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಒಂದು ಗೊಂಚಲಿನಲ್ಲಿ ಎರಡೂವರೆ ಸಾವಿರ ಪರಮಾಣುಗಳಿದ್ದರೂ ಅದರ ಅಡ್ಡಳತೆ ಏಳು ನ್ಯಾನೊಮೀಟರ್ ಮೀರದು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಇಂಥ ಗೊಂಚಲುಗಳ ಮೇಲೆ 150 ಫೆಮ್ಟೊಸೆಕೆಂಡಿನಷ್ಟು ಕಿರಿದಾದ ಲೇಸರ್ ಮಿಡಿತ ಹಾಯಿಸಿದರು. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಫೆಮ್ಟೊಸೆಕೆಂಡ್. 1997ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. ಝೆನಾನ್‌ನ 54 ಎಲೆಕ್ಟ್ರಾನ್‌ಗಳಲ್ಲಿ 40ರವರೆಗೂ ಕಿತ್ತುಹೋಗಿದ್ದವು. ಕೆಲವು ಅಯಾನುಗಳು ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯೊಂದಿಗೆ ಹೊರಚಿಮ್ಮಿದ್ದವು. ಬಿಡಿ ಪರಮಾಣುವಿಗೆ ಅದೇ ಬೆಳಕು ತಾಗಿದರೆ ಹತ್ತು ಎಲೆಕ್ಟ್ರಾನ್ ಕಳಚುವುದೂ ಕಷ್ಟ.

ಇಷ್ಟು ಶಕ್ತಿ ಬಂದದ್ದು ಎಲ್ಲಿಂದ? ಮಿಡಿತದ ಮುಂಭಾಗ ತಾಗುತ್ತಲೇ ಪ್ರತಿ ಪರಮಾಣುವಿನಿಂದ ಒಂದೆರಡು ಎಲೆಕ್ಟ್ರಾನ್ ಕಳಚಿಕೊಳ್ಳುತ್ತವೆ. ಆದರೆ ಅವೆಲ್ಲ ಗೊಂಚಲನ್ನು ಬಿಟ್ಟು ಓಡಲಾರವು. ಹಿಂದೆ ಉಳಿದ ಅಯಾನುಗಳ ಧನ ಆವೇಶ ಅವನ್ನು ಹಿಡಿದಿಡುತ್ತದೆ. ಗೊಂಚಲೇ ಒಂದು ಪುಟ್ಟ ಪ್ಲಾಸ್ಮಾ ಆಗುತ್ತದೆ. ಬೆಳಕಿನ ವಿದ್ಯುತ್ ಕ್ಷೇತ್ರ ಆ ಸೆರೆಯಾಳು ಎಲೆಕ್ಟ್ರಾನ್‌ಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತದೆ; ಅವು ಅಯಾನುಗಳಿಗೆ ಬಡಿಯುತ್ತ ಕಾಯುತ್ತವೆ, ಬಡಿದಲ್ಲೆಲ್ಲ ಇನ್ನಷ್ಟು ಎಲೆಕ್ಟ್ರಾನ್‌ಗಳನ್ನು ಕೀಳುತ್ತವೆ. ಘನವಸ್ತುವಾಗಿದ್ದರೆ ಈ ಕಾವು ಆಳಕ್ಕೆ ಹರಿದು ಹಂಚಿಹೋಗುತ್ತಿತ್ತು. ಗೊಂಚಲಿನ ಸುತ್ತ ಇರುವುದು ನಿರ್ವಾತ, ಕಾವಿಗೆ ದಾರಿಯೇ ಇಲ್ಲ. ನನ್ನ ಮಟ್ಟಿಗೆ ಇಡೀ ವಿದ್ಯಮಾನದ ಬೇರು ಇರುವುದು ಇಲ್ಲೇ.

ಇನ್ನೊಂದು ಸೊಗಸೂ ಇದೆ. ಕಾದ ಗೊಂಚಲು ಹಿಗ್ಗುತ್ತ ಹೋದಂತೆ ಎಲೆಕ್ಟ್ರಾನ್‌ಗಳ ಸಾಂದ್ರತೆ ಇಳಿಯುತ್ತದೆ, ಅವುಗಳ ಸಹಜ ತೊನೆದಾಟದ ವೇಗವೂ ಇಳಿಯುತ್ತದೆ. ಒಂದು ಹಂತದಲ್ಲಿ ಆ ವೇಗ ಬೆಳಕಿನ ಕಂಪನಕ್ಕೆ ಸರಿಹೊಂದುತ್ತದೆ. ಆ ಅನುರಣನದ ಗಳಿಗೆಯಲ್ಲಿ ಗೊಂಚಲು ಬೆಳಕನ್ನು ಬಾಚಿ ನುಂಗುತ್ತದೆ. ಹಾಗಾಗಿ ಮಿಡಿತ ತೀರಾ ಚಿಕ್ಕದಾದರೆ ಲಾಭ ಕಡಿಮೆ. ಗೊಂಚಲಿಗೆ ಹಿಗ್ಗಲು ಸಮಯ ಸಿಗಬೇಕು. ಕೊನೆಗೆ ಬಿಸಿ ಎಲೆಕ್ಟ್ರಾನ್‌ಗಳ ಒತ್ತಡ, ಅಯಾನುಗಳ ಪರಸ್ಪರ ವಿಕರ್ಷಣೆ ಎರಡೂ ಸೇರಿ ಗೊಂಚಲನ್ನು ಸಿಡಿಸುತ್ತವೆ.

1999ರಲ್ಲಿ ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದವರು ಡ್ಯುಟೀರಿಯಂ ಗೊಂಚಲುಗಳನ್ನು ಹೀಗೆಯೇ ಸಿಡಿಸಿ, ಮೇಜಿನ ಮೇಲಿಡಬಹುದಾದ ಲೇಸರ್‌ನಿಂದಲೇ ಬೈಜಿಕ ಸಮ್ಮಿಳನ ನಡೆಸಿದರು. ಅದಕ್ಕೆ ಸಾಕ್ಷಿಯಾಗಿ ನ್ಯೂಟ್ರಾನ್‌ಗಳು ಹೊರಬಂದವು. ಇದರಿಂದ ವಿದ್ಯುತ್ ತೆಗೆಯಬಹುದೆಂಬ ಆಸೆ ಬೇಡ, ಕೊಟ್ಟ ಶಕ್ತಿಯ ಅತ್ಯಲ್ಪ ಪಾಲೂ ಮರಳುವುದಿಲ್ಲ. ಕ್ಷಣಮಾತ್ರದ ನ್ಯೂಟ್ರಾನ್ ಆಕರವಾಗಿ ಮಾತ್ರ ಅದಕ್ಕೆ ಬೆಲೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2013ರಲ್ಲಿ ತೋರಿಸಿದ ದಾರಿ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ. ಆರ್ಗಾನ್ ಗೊಂಚಲುಗಳಿಂದ ಚಿಮ್ಮಿದ ಅಯಾನುಗಳಿಗೆ ದಾರಿಯಲ್ಲೇ ಎಲೆಕ್ಟ್ರಾನ್‌ಗಳನ್ನು ಮರಳಿ ದೊರಕಿಸಿ, ಆವೇಶವಿಲ್ಲದ ಅತಿವೇಗದ ಪರಮಾಣುಗಳನ್ನು ಅವರು ಪಡೆದರು. ವಿದ್ಯುತ್ ಕ್ಷೇತ್ರವಾಗಲಿ ಕಾಂತಕ್ಷೇತ್ರವಾಗಲಿ ಇಂಥ ಪರಮಾಣುಗಳ ಹಾದಿಯನ್ನು ಅಯಾನುಗಳ ಹಾದಿಯಂತೆ ಬಾಗಿಸಲಾರದು.