ಹಲ್ಲು ಹೇಳುವ ನೀರಿನ ಕಥೆ: ಎಳೆಯ ಸಂಶೋಧಕರಿಗೆ ಮಾರ್ಗದರ್ಶನ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಇಲ್ಲಿ ಮಳೆ ಕಡಿಮೆ. ಕೊಳವೆ ಬಾವಿಯ ಮೇಲಿನ ಅವಲಂಬನೆ ಹೆಚ್ಚು. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಅಪಟೈಟ್, ಬಯೊಟೈಟ್ ಮುಂತಾದ ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಸೇರುತ್ತದೆ. ನೀರು ಕ್ಷಾರೀಯವಾಗಿದ್ದು ಕ್ಯಾಲ್ಸಿಯಂ ಕಡಿಮೆಯಿದ್ದರೆ ಫ್ಲೋರೈಡ್ ಇನ್ನಷ್ಟು ಕರಗಿ ಉಳಿಯುತ್ತದೆ. ಪಾವಗಡದ ಫ್ಲೋರೈಡ್ ಸಮಸ್ಯೆಯಂತೂ ನಾಡಿಗೆಲ್ಲ ಪರಿಚಿತ.

ನಿಮ್ಮ ವಿದ್ಯಾರ್ಥಿಗಳು ಮಕ್ಕಳ ವಿಜ್ಞಾನ ಸಮಾವೇಶದ ಯೋಜನೆಗೋ ಪದವಿಯ ಕಿರುಪ್ರಬಂಧಕ್ಕೋ ಈ ವಿಷಯವನ್ನು ಆರಿಸಿಕೊಳ್ಳಬಹುದು. ಆಗ ಮಾರ್ಗದರ್ಶಕರಾದ ನಿಮ್ಮ ಕೆಲಸವೇನು?

ಮೊದಲನೆಯದು, ಪ್ರಶ್ನೆಯನ್ನು ಸರಿಪಡಿಸುವುದು. 'ನಮ್ಮೂರ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ?' ಎಂಬುದು ರಸಾಯನವಿಜ್ಞಾನದ ಪ್ರಶ್ನೆ. 'ಅದರ ಹಾನಿ ಯಾರಿಗೆ ಹೆಚ್ಚು, ಏಕೆ?' ಎಂಬುದು ಆರೋಗ್ಯ ಅಸಮಾನತೆಯ ಪ್ರಶ್ನೆ. ಒಂದು ಸರಳ ಲೆಕ್ಕ ಮಾಡಿಸಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಆಕರವಿಲ್ಲದಿದ್ದರೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಒಂದು ಕೊಳವೆ ಬಾವಿಯ ನೀರಿನಲ್ಲಿ 2 ಮಿಲಿಗ್ರಾಂ ಇದೆ ಎಂದುಕೊಳ್ಳಿ. ನೆರಳಿನಲ್ಲಿ ಕುಳಿತು ದಿನಕ್ಕೆ 2 ಲೀಟರ್ ಕುಡಿಯುವವರಿಗೆ 4 ಮಿಲಿಗ್ರಾಂ ಸೇರಿದರೆ, ಬಿಸಿಲಿನಲ್ಲಿ ಕೂಲಿ ಮಾಡಿ 5 ಲೀಟರ್ ಕುಡಿಯುವವರಿಗೆ 10 ಮಿಲಿಗ್ರಾಂ ಸೇರುತ್ತದೆ. ನೀರು ಒಂದೇ, ಪ್ರಮಾಣ ಬೇರೆ. ಶುದ್ಧ ನೀರಿನ ಕ್ಯಾನ್ ಕೊಳ್ಳಬಲ್ಲ ಮನೆ, ಕೊಳ್ಳಲಾಗದ ಮನೆ, ಹಾಲು ಮೊಟ್ಟೆ ಅಪರೂಪವಾದ ಮನೆ, ಇವೆಲ್ಲ ಈ ವ್ಯತ್ಯಾಸವನ್ನು ಹಿಗ್ಗಿಸುತ್ತವೆ.

ಎರಡನೆಯದು, ಅವಸರದ ತೀರ್ಮಾನದಿಂದ ತಡೆಯುವುದು. ಶಾಶ್ವತ ಬಾಚಿಹಲ್ಲುಗಳ ಎನಾಮಲ್ ರೂಪುಗೊಳ್ಳುವುದು ಬಹುಮಟ್ಟಿಗೆ ಐದು ವರ್ಷದೊಳಗೆ. ಹಾಗಾಗಿ 13 ವರ್ಷದ ಬಾಲಕಿಯ ಹಲ್ಲಿನ ಕಲೆ ಹೇಳುವುದು ಅವಳು ಇಂದು ಕುಡಿಯುವ ನೀರನ್ನಲ್ಲ, ಎಂಟು ಹತ್ತು ವರ್ಷಗಳ ಹಿಂದೆ ಕುಡಿದ ನೀರನ್ನು. ಊರಿಗೆ ಮೂರು ವರ್ಷಗಳ ಹಿಂದೆ ಶುದ್ಧ ನೀರಿನ ಘಟಕ ಬಂದಿದ್ದರೂ ಅವಳ ಕಲೆ ಮಾಸದು. ಇದನ್ನು ತಿಳಿಯದ ವಿದ್ಯಾರ್ಥಿ 'ಘಟಕದಿಂದ ಪ್ರಯೋಜನವಿಲ್ಲ' ಎಂದು ಬರೆದಾನು. ಆ ಮಾತನ್ನು ನಂಬಿ ಜನ ಮತ್ತೆ ಹಳೆಯ ಬಾವಿಗೆ ಮರಳಿದರೆ ಹೊಣೆ ಯಾರದು? ಆದ್ದರಿಂದ ಪ್ರಶ್ನಾವಳಿಯಲ್ಲಿ 'ಐದು ವರ್ಷದವರೆಗೆ ಎಲ್ಲಿ ಬೆಳೆದೆ, ಯಾವ ನೀರು ಕುಡಿದೆ?' ಎಂಬುದು ಇರಲೇಬೇಕು.

ಈ ತಿಳಿವಳಿಕೆಯ ಹಿಂದೆಯೂ ಒಬ್ಬ ಹಿರಿಯ, ಒಬ್ಬ ಕಿರಿಯ ಇದ್ದಾರೆ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಕಂದುಕಲೆಯ ಹಲ್ಲುಗಳನ್ನು ಕಂಡ. ಖ್ಯಾತ ದಂತವಿಜ್ಞಾನಿ ಜಿ.ವಿ. ಬ್ಲ್ಯಾಕ್ 1909ರಲ್ಲಿ ಅವನ ಊರಿಗೇ ಬಂದು, 1915ರಲ್ಲಿ ತಾವು ತೀರಿಕೊಳ್ಳುವವರೆಗೆ ಜೊತೆಗೂಡಿ ದುಡಿದರು. ಹಲ್ಲು ಬಲಿತ ಮೇಲೆ ಅಲ್ಲಿಗೆ ಬಂದವರಿಗೆ ಕಲೆ ಆಗುವುದಿಲ್ಲ ಎಂಬುದು ಅವರಿಗೆ ತಿಳಿಯಿತು. ಫ್ಲೋರೈಡ್ ಕಾರಣವೆಂದು ಗೊತ್ತಾದದ್ದು 1931ರಲ್ಲಿ. ಮೂವತ್ತು ವರ್ಷಗಳ ಈ ತಾಳ್ಮೆಯನ್ನು ವಿದ್ಯಾರ್ಥಿಗಳಿಗೆ ತಿಳಿಸಿ. ಭಾರತದಲ್ಲಿ ಫ್ಲೋರೋಸಿಸ್ ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದಿಂದ.

ಮೂರನೆಯದು, ಅಧ್ಯಯನಕ್ಕೆ ಒಳಗಾದವರ ಮಾನ ಕಾಯುವುದು. ಕಲೆಯಿರುವ ಮಕ್ಕಳನ್ನು ತರಗತಿಯ ಮುಂದೆ ನಿಲ್ಲಿಸಿ ಎಣಿಸಬೇಡಿ. ಪೋಷಕರ ಒಪ್ಪಿಗೆ ಪಡೆಯಿರಿ. ಹೆಸರಿನ ಬದಲು ಸಂಖ್ಯೆ ಬಳಸಿ. ಹಲ್ಲು ನೋಡುವವರಿಗೆ ಆ ಮನೆಯ ನೀರಿನ ಫಲಿತಾಂಶ ಮೊದಲೇ ತಿಳಿದಿರಬಾರದು; ತಿಳಿದರೆ ಕಣ್ಣು ಪಕ್ಷಪಾತ ಮಾಡುತ್ತದೆ. ನೀರಿನ ಮಾದರಿಯನ್ನು ಶುದ್ಧ ಪ್ಲಾಸ್ಟಿಕ್ ಸೀಸೆಯಲ್ಲಿ ಸಂಗ್ರಹಿಸಿ.

ಕೊನೆಯದಾಗಿ, ಫಲಿತಾಂಶ ಬಹುಮಾನದ ಕಪಾಟಿನಲ್ಲಿ ಉಳಿಯದೆ ಗ್ರಾಮ ಪಂಚಾಯಿತಿಗೂ ಆ ಮನೆಗಳಿಗೂ ತಲುಪಲಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ ಎಂಬ ಒಂದೇ ಮಾತನ್ನು ಮನೆಮನೆಗೆ ಹೇಳಿಬಂದರೂ ಅದು ಉಪಯುಕ್ತ. ವರದಿಯನ್ನು ನೀವೇ ಬರೆದುಕೊಡಬೇಡಿ. ಪ್ರಶ್ನೆ ಕೇಳಿ, ವಿದ್ಯಾರ್ಥಿಯೇ ಉತ್ತರ ಹುಡುಕುವವರೆಗೆ ಕಾಯಿರಿ.