ಕ್ರಮವಿಧಿ ಬರೆಯುವ ಯಂತ್ರವೂ ನಮ್ಮ ಮಕ್ಕಳ ಉದ್ಯೋಗವೂ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಮಗನೋ ಮಗಳೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿರುವುದು ಇಂದು ಸಾಮಾನ್ಯ ಸಂಗತಿ. ಅಡಿಕೆಯ ಆದಾಯ ಸಾಲದೆ, ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಪಡೆದು ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದ ತಂದೆತಾಯಿಗಳು ಅನೇಕರು. ಗಣಕಯಂತ್ರವೇ ಕ್ರಮವಿಧಿಯನ್ನು ಬರೆಯತೊಡಗಿದರೆ ಈ ಮಕ್ಕಳ ಗತಿಯೇನೆಂಬ ಚಿಂತೆ ಅವರನ್ನು ಕಾಡುತ್ತಿರುವುದು ಸಹಜವೇ ಆಗಿದೆ.

ಗಣಕಯಂತ್ರವು ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ವಿಧಿಸುವ ಆಜ್ಞೆಗಳ ಸರಣಿಯೇ ಕ್ರಮವಿಧಿ, ಅಂದರೆ ಪ್ರೋಗ್ರಾಂ. 2021ರಲ್ಲಿ ಬಂದ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ ಮೊದಲಾದವು, ಬೇಕಾದುದನ್ನು ಆಡುಮಾತಿನಲ್ಲಿ ಹೇಳಿದರೆ ಸಾಕು, ಈ ಆಜ್ಞೆಗಳನ್ನು ತಾವೇ ಬರೆದುಕೊಡುತ್ತವೆ. ತಮ್ಮ ಸಂಸ್ಥೆಯ ಹೊಸ ಕ್ರಮವಿಧಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚನ್ನು ಕೃತಕ ಬುದ್ಧಿಮತ್ತೆಯೇ ರಚಿಸುತ್ತಿದ್ದು, ಇಂಜಿನಿಯರುಗಳು ಅದನ್ನು ಪರಿಶೀಲಿಸಿ ಒಪ್ಪುತ್ತಾರೆಂದು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2024ರ ಅಕ್ಟೋಬರಿನಲ್ಲಿ ತಿಳಿಸಿದರು. 2025ರ ಜುಲೈನಲ್ಲಿ ಟಿ.ಸಿ.ಎಸ್. ಸಂಸ್ಥೆಯು ಸುಮಾರು 12,000 ನೌಕರರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಇದಕ್ಕೆ ಕೃತಕ ಬುದ್ಧಿಮತ್ತೆ ಕಾರಣವಲ್ಲವೆಂದು ಸಂಸ್ಥೆ ಹೇಳಿದರೂ ಮನೆಗಳಲ್ಲಿ ಆತಂಕವಂತೂ ಹೆಚ್ಚಿತು.

ಮಲೆನಾಡಿಗರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕೊನೆಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಬಹುಹೊತ್ತಿನವರೆಗೆ ಅಡಿಕೆ ಸುಲಿಯುತ್ತಿದ್ದ ಹೆಂಗಸರನ್ನು ಹಿರಿಯರು ಬಲ್ಲರು. ಸುಲಿಯುವ ಯಂತ್ರ ಬಂದ ಮೇಲೆ ಆ ಸಾಲುಗಳು ಕರಗಿದವು. ಆದರೆ ಯಂತ್ರವು ಅರೆಸುಲಿದು ಬಿಟ್ಟುದನ್ನು ಆರಿಸಿ ಸುಲಿಯುವುದು ಇಂದಿಗೂ ಕೈಯ ಕೆಲಸವೇ. ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಲು ಪಳಗಿದ ಕಣ್ಣೇ ಬೇಕು. ಸುಲಿದು ಸುಲಿದು ಅಡಿಕೆಯ ಗುಣವನ್ನರಿತ ಕೈಗಳಿಗೆ ಈ ವಿದ್ಯೆ ಒಲಿದಿತ್ತೆಂಬುದನ್ನು ಮರೆಯಲಾಗದು.

ಕ್ರಮವಿಧಿಯ ಯಂತ್ರವೂ ಹೀಗೆಯೇ ಅರೆಸುಲಿಯುತ್ತದೆ. ಇಲ್ಲದ ಸೌಲಭ್ಯವನ್ನು ಇದೆಯೆಂದು ನಂಬಿ ಆಜ್ಞೆ ಬರೆಯುತ್ತದೆ. ತಿಳಿಯದುದನ್ನೂ ತಿಳಿದಂತೆ ಹೇಳುತ್ತದೆ. ಅಮೆರಿಕದ ಮೀಟರ್ ಎಂಬ ಸಂಶೋಧನಾ ಸಂಸ್ಥೆಯು 2025ರಲ್ಲಿ 16 ಮಂದಿ ಅನುಭವಿಗಳನ್ನು ಪರೀಕ್ಷಿಸಿದಾಗ, ಯಂತ್ರದ ನೆರವು ಪಡೆದ ಕೆಲಸಗಳಿಗೆ ಶೇಕಡಾ 19ರಷ್ಟು ಹೆಚ್ಚು ಕಾಲವೇ ಹಿಡಿಯಿತು. ಸೋಜಿಗವೆಂದರೆ, ತಮ್ಮ ಕೆಲಸ ಬೇಗನೆ ಮುಗಿಯಿತೆಂದೇ ಅವರು ಭಾವಿಸಿದ್ದರು! ಯಂತ್ರಗಳು ಆ ಬಳಿಕ ಸುಧಾರಿಸಿವೆಯಾದರೂ ತಪ್ಪು ಹಿಡಿಯುವ ಹೊಣೆ ಮನುಷ್ಯನಿಂದ ತಪ್ಪಿಲ್ಲ.

ಆದುದರಿಂದ ಅನುಭವಿಗಳಿಗಿಂತ ಹೊಸಬರ ವಿಷಯದಲ್ಲಿಯೇ ಹೆಚ್ಚು ಚಿಂತಿಸಬೇಕಾಗಿದೆ. ಈ ಹಿಂದೆ ಕಾಲೇಜಿನಿಂದ ಬಂದ ತರುಣರಿಗೆ ಸಣ್ಣಪುಟ್ಟ ತಿದ್ದುಪಡಿ, ಪುನರಾವರ್ತನೆಯ ಬರವಣಿಗೆ, ಪರೀಕ್ಷಣೆಗಳನ್ನು ವಹಿಸುತ್ತಿದ್ದರು. ನಾಲ್ಕಾರು ವರ್ಷ ಅದರಲ್ಲಿ ಪಳಗಿದವರೇ ಮುಂದೆ ಹಿರಿಯ ಇಂಜಿನಿಯರುಗಳಾದರು. ಯಂತ್ರವು ಲೀಲಾಜಾಲವಾಗಿ ಮಾಡುವುದು ಈ ಕೆಲಸಗಳನ್ನೇ. ಸುಲಿಯದೆಯೇ ವಿಂಗಡಿಸಲು ಕಲಿಯುವ ಬಗೆ ಹೇಗೆ? ಕಂಪನಿಗಳು ಇದಕ್ಕೆ ಸಮರ್ಪಕ ಉತ್ತರ ಕಂಡುಕೊಂಡಂತೆ ನಮಗೆ ತೋರುವುದಿಲ್ಲ.

ಪಿ.ಯು.ಸಿ. ಮುಗಿಸಿದ ಮಕ್ಕಳಿಗಾಗಿ ಕಾಲೇಜು ಆರಿಸುವ ಪೋಷಕರು, ಕಟ್ಟಡ ಮತ್ತು ಶುಲ್ಕಗಳನ್ನು ವಿಚಾರಿಸುವುದರ ಜೊತೆಗೆ, ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಮೊದಲು ತಾವೇ ಕ್ರಮವಿಧಿ ಬರೆಯುವರೇ, ಯಂತ್ರ ಬರೆದುದರಲ್ಲಿ ತಪ್ಪು ಹುಡುಕುವುದನ್ನು ಅಲ್ಲಿ ಕಲಿಸುವರೇ ಎಂದು ಕೇಳಿ ತಿಳಿಯುವುದು ಒಳಿತು. ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು.